ಲಡಾಖ್‌ಗೆ ಪಿಕಪ್ಪೋ, ಎಸ್‌ಯುವಿಯೋ?

ಪ್ರಶ್ನೆ: ಟೆಂಟು, ಒಲೆ, ಪಾತ್ರೆಪಗಡೆ ಹೇರಿಕೊಂಡು ಬೆಂಗಳೂರಿನಿಂದ ಲಡಾಖ್‌ಗೆ ಹೋಗುವಾಸೆ. ಟೊಯೊಟಾ ಹೈಲಕ್ಸ್ ಒಳ್ಳೆಯದೋ, ಫಾರ್ಚುನರ್ ಒಳ್ಳೆಯದೋ?

ಉತ್ತರ: ಎರಡೂ ಒಂದೇ ಮನೆಯ ಕೂಸುಗಳು. ಚಾಸಿಯ ಮೂಲ ಒಂದೇ, 2.8 ಲೀಟರ್ ಡೀಸೆಲ್ ಎಂಜಿನ್ನೂ ಒಂದೇ. ವ್ಯತ್ಯಾಸವಿರುವುದು ಹಿಂಭಾಗದಲ್ಲಿ. ಹೈಲಕ್ಸಿಗೆ ಲೀಫ್ ಸ್ಪ್ರಿಂಗು, ಫಾರ್ಚುನರಿಗೆ ಕಾಯಿಲ್ ಸ್ಪ್ರಿಂಗು. ಲೀಫ್ ಇರುವುದೇ ಭಾರ ಹೊರಲು. ತೊಟ್ಟಿ ಖಾಲಿಯಿದ್ದರೆ ಹಿಂದಿನ ಸೀಟಿನವರನ್ನು ಕುಣಿಸುತ್ತದೆ, ಸಾಮಾನು ತುಂಬಿದರೆ ಸುಮ್ಮನಾಗುತ್ತದೆ. ಒದ್ದೆ ಟೆಂಟು, ಡೀಸೆಲ್ ಕ್ಯಾನು, ಕೆಸರು ಮೆತ್ತಿದ ಬೂಟು ಯಾವುದೂ ನೀವು ಕೂತ ಜಾಗದಲ್ಲಿ ನಾರುವುದಿಲ್ಲ. ನನ್ನ ಪ್ರಕಾರ ಪಿಕಪ್ಪಿನ ದೊಡ್ಡ ಲಾಭ ಇದೇ. ಆದರೆ ತೊಟ್ಟಿಗೆ ಗಟ್ಟಿ ಮುಚ್ಚಳ ಹಾಕಿಸದಿದ್ದರೆ ಧೂಳು, ಮಳೆ, ಕಳ್ಳರು ಮೂವರಿಗೂ ಸ್ವಾಗತ!

ಉದ್ದ? ಹೈಲಕ್ಸ್ ಸುಮಾರು 5.3 ಮೀಟರ್, ಫಾರ್ಚುನರ್ 4.8. ಮನಾಲಿ–ಲೇಹ್ ದಾರಿಯ ಗಾಟಾ ಲೂಪ್ಸ್‌ನಲ್ಲಿ 21 ಹಿಮ್ಮುರಿ ತಿರುವುಗಳಿವೆ. ಅಲ್ಲಿ ಆ ಅರ್ಧ ಮೀಟರ್ ತೋಳಿಗೆ ಗೊತ್ತಾಗುತ್ತದೆ. ಹಳ್ಳ ದಾಟಿ ಮೇಲೇರುವಾಗ ಪಿಕಪ್ಪಿನ ಬಾಲ ನೆಲಕ್ಕೆ ಉಜ್ಜುವುದೂ ಉಂಟು.

ಇಬ್ಬರೇ ಹೊರಟರೆ ಹೈಲಕ್ಸ್. ಅಪ್ಪ, ಅಮ್ಮ, ಮಕ್ಕಳು ಜೊತೆಗಿದ್ದರೆ ಚರ್ಚೆಯೇ ಬೇಡ, ಫಾರ್ಚುನರ್. ಯಾವುದನ್ನೇ ಕೊಂಡರೂ ಚಾವಣಿಯ ಮೇಲೆ ತೀರಾ ಭಾರ ಹೇರಬೇಡಿ. ತಿರುವಿನಲ್ಲಿ ಗಾಡಿ ವಾಲುತ್ತದೆ.