ನಕಲು ಅಳಿಸುವ ಮುನ್ನ ಅಸಲು ಗೊತ್ತಿರಲಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಎಂದರೆ ಸುತ್ತಲಿನ ರೈತರಿಗೆ ಮೊದಲು ನೆನಪಾಗುವುದು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ. ಭತ್ತ, ಅಡಿಕೆ ನಂಬಿಕೊಂಡ ಈ ಸೀಮೆಯಲ್ಲಿ ಈಗ ಜಮೀನಿನಷ್ಟೇ ಜೋಪಾನ ಮಾಡಬೇಕಾದ ಆಸ್ತಿ ಇನ್ನೊಂದಿದೆ: ದಾಖಲೆಗಳು. ಬೆಳೆ ಸಾಲಕ್ಕೆ ಪಹಣಿ, ವಿದ್ಯಾರ್ಥಿವೇತನಕ್ಕೆ ಜಾತಿ–ಆದಾಯ ಪ್ರಮಾಣಪತ್ರ, ಎಲ್ಲದಕ್ಕೂ ಆಧಾರ್. ಇವೆಲ್ಲ ಟ್ರಂಕಿನಿಂದ ಎದ್ದು ಫೋನಿಗೂ ಕಂಪ್ಯೂಟರಿಗೂ ಬಂದು ಕುಳಿತಿವೆ. ಬಂದದ್ದು ಒಂಟಿಯಾಗಿಯಲ್ಲ. ಒಂದೇ ಪಹಣಿ ಅಪ್ಪನ ವಾಟ್ಸ್‌ಆ್ಯಪ್‌ನಲ್ಲಿ ಒಂದು, ಮಗಳ ಲ್ಯಾಪ್‌ಟಾಪಿನಲ್ಲಿ ಎರಡು, ಪೆನ್‌ಡ್ರೈವ್‌ನಲ್ಲಿ ಒಂದು, ಅರ್ಜಿ ಹಾಕಿಸಿದ ಕಂಪ್ಯೂಟರ್ ಸೆಂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮತ್ತೊಂದು. ‘ಮೆಮೊರಿ ಫುಲ್’ ಎಂಬ ಎಚ್ಚರಿಕೆ ಬಂದಾಗಷ್ಟೇ ಈ ನಕಲುಗಳ ನೆನಪಾಗುತ್ತದೆ. ಸಿಕ್ಕಿದ್ದನ್ನು ಅಳಿಸಿ ಜಾಗ ಮಾಡಿಕೊಂಡರೆ ಕೆಲಸ ಮುಗಿಯಿತು ಎನ್ನಿಸುತ್ತದೆ. ಆದರೆ ನಕಲು ಫೈಲುಗಳನ್ನು ಹುಡುಕಿ ತೆಗೆಯುವುದರಿಂದ ಸಿಗುವ ನಿಜವಾದ ಲಾಭ ಜಾಗವಲ್ಲ. ಒಂದು ದಾಖಲೆಗೆ ಎಷ್ಟು ಪ್ರತಿಗಳಿವೆ, ಅವು ಎಲ್ಲೆಲ್ಲಿವೆ, ಅವುಗಳಲ್ಲಿ ನಂಬಬೇಕಾದದ್ದು ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಅದರಿಂದ ಖಚಿತ ಉತ್ತರ ಸಿಗುತ್ತದೆ. ಆ ಉತ್ತರವಿಲ್ಲದೆ ಅಳಿಸುವುದೂ ಅಪಾಯ, ಅಳಿಸದೆ ಬಿಡುವುದೂ ಅಪಾಯ.

ಈ ಪಾಠವನ್ನು ಕರ್ನಾಟಕ ಒಮ್ಮೆ ದೊಡ್ಡ ಪ್ರಮಾಣದಲ್ಲೇ ಕಲಿತಿದೆ. ಎರಡು ದಶಕಗಳ ಹಿಂದಿನವರೆಗೆ ಪಹಣಿ ಎಂದರೆ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕ. ಭೂಮಿ ಯೋಜನೆಯಡಿ 177 ತಾಲ್ಲೂಕುಗಳ, ಸುಮಾರು 67 ಲಕ್ಷ ರೈತರ, ಹತ್ತಿರ ಹತ್ತಿರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆ ಯೋಜನೆಯ ಬೆನ್ನೆಲುಬು ಕಂಪ್ಯೂಟರ್ ಖರೀದಿಯಾಗಿರಲಿಲ್ಲ. ಒಂದು ತಾಲ್ಲೂಕಿನಲ್ಲಿ ಗಣಕೀಕೃತ ಪಹಣಿ ಕೊಡಲು ಆರಂಭಿಸಿದ ಮೇಲೆ ಕೈಬರಹದ ಪಹಣಿಗೆ ಅಲ್ಲಿ ಮಾನ್ಯತೆ ಇಲ್ಲ ಎಂಬ ತೀರ್ಮಾನವೇ ಅದರ ಬೆನ್ನೆಲುಬು. 2002ರ ಹೊತ್ತಿಗೆ ಇದು ರಾಜ್ಯದ ಉದ್ದಗಲಕ್ಕೂ ಜಾರಿಯಾಯಿತು. ಎರಡಕ್ಕೂ ಬೆಲೆ ಉಳಿಸಿದ್ದರೆ ಪ್ರತಿ ವ್ಯಾಜ್ಯದಲ್ಲೂ ಒಬ್ಬರ ಕೈಯಲ್ಲಿ ಒಂದು ಪಹಣಿ, ಎದುರಾಳಿಯ ಕೈಯಲ್ಲಿ ಇನ್ನೊಂದು ಇರುತ್ತಿತ್ತು, ಜನರಿಗೆ ಎರಡರ ಮೇಲೂ ನಂಬಿಕೆ ಹೋಗುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಹಳೆಯ ಪುಸ್ತಕಗಳನ್ನು ಯಾರೂ ಸುಟ್ಟುಹಾಕಲಿಲ್ಲ. ಅವು ರೆಕಾರ್ಡ್ ರೂಮಿಗೆ ಹೋದವು. ಇತಿಹಾಸವನ್ನು ತಿಳಿಯಲು ಉಳಿದವು, ಚಾಲ್ತಿ ಹಕ್ಕನ್ನು ಸಾಬೀತುಪಡಿಸುವ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟವು. ಚಾಲ್ತಿಯಲ್ಲಿ ಒಂದು, ಕಾಪಿಟ್ಟದ್ದು ಬೇರೆ ಕಡೆ, ಉಳಿದದ್ದಕ್ಕೆ ವಿದಾಯ: ಮನೆಯ ಕಂಪ್ಯೂಟರಿಗೂ ಬೇಕಾದದ್ದು ಇದೇ ವ್ಯವಸ್ಥೆ.

ಯಂತ್ರ ನಕಲನ್ನು ಗುರುತಿಸುವ ಬಗೆ ಸರಳವಾಗಿದೆ. ಡ್ಯೂಪ್‌ಗುರು, ಚ್ಕಾವ್ಕಾ, ಎಫ್‌ಡ್ಯೂಪ್ಸ್‌ನಂಥ ಉಚಿತ ತಂತ್ರಾಂಶಗಳು ಫೈಲಿನ ಹೆಸರನ್ನು ಬದಿಗಿಟ್ಟು ಒಳಗಿನ ಹೂರಣವನ್ನೇ ಹೋಲಿಸಬಲ್ಲವು. ಗಾತ್ರವೇ ಬೇರೆಯಾದರೆ ಎರಡು ಫೈಲುಗಳು ಒಂದೇ ಆಗಿರಲು ಸಾಧ್ಯವಿಲ್ಲ. ಆದ್ದರಿಂದ ಮೊದಲ ಜರಡಿ ಗಾತ್ರದ್ದು. ಅದರಲ್ಲಿ ಉಳಿದ ಫೈಲುಗಳನ್ನು ಓದಿ ಪ್ರತಿಯೊಂದಕ್ಕೂ ಒಂದು ‘ಹ್ಯಾಷ್’ ಲೆಕ್ಕ ಹಾಕಲಾಗುತ್ತದೆ. ಎಸ್‌ಎಚ್‌ಎ-256 ಎಂಬ ಪದ್ಧತಿಯಲ್ಲಿ ಫೈಲು ಎಷ್ಟೇ ದೊಡ್ಡದಿರಲಿ, ಉತ್ತರ 64 ಅಕ್ಷರಗಳ ಒಂದು ಸಾಲು. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಗುರುತೇ ಸಿಗದಂತೆ ಬದಲಾಗುತ್ತದೆ. ಸಾಲು ಒಂದೇ ಆದರೆ ಫೈಲು ಒಂದೇ ಎಂದು ಧೈರ್ಯವಾಗಿ ಹೇಳಬಹುದು. ಬೇರೆ ಬೇರೆ ಫೈಲುಗಳಿಗೆ ಒಂದೇ ಸಾಲು ಬರುವಂತೆ ಹಳೆಯ ಎಂಡಿ5 ಪದ್ಧತಿಯನ್ನು ಮೋಸಗೊಳಿಸಬಹುದೆಂದು 2004ರಲ್ಲಿ, ಎಸ್‌ಎಚ್‌ಎ-1 ಪದ್ಧತಿಯನ್ನೂ ಹಾಗೆ ಮಾಡಬಹುದೆಂದು 2017ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಆದರೆ ಅವೆರಡೂ ಉದ್ದೇಶಪೂರ್ವಕವಾಗಿ, ಅಪಾರ ಲೆಕ್ಕಾಚಾರದಿಂದ ಕಟ್ಟಿದ ಜೋಡಿಗಳು. ಮನೆಯ ಫೋಟೊ, ಪಹಣಿಗಳಲ್ಲಿ ಹಾಗೆ ಆಕಸ್ಮಿಕವಾಗಿ ಆಗುವ ಭಯವಿಲ್ಲ. ಸಂಶಯವಿದ್ದವರಿಗಾಗಿ ಎರಡೂ ಫೈಲುಗಳನ್ನು ಬೈಟ್ ಬೈಟ್ ಹೋಲಿಸಿ ನೋಡುವ ತಂತ್ರಾಂಶಗಳೂ ಇವೆ.

ಯಂತ್ರಕ್ಕೆ ಇಷ್ಟು ಬರುತ್ತದೆ, ಇದಕ್ಕಿಂತ ಹೆಚ್ಚು ಬರುವುದಿಲ್ಲ. ನಮ್ಮದೇ ಜಿಲ್ಲೆಯ ‘ಹೊನ್ನಾಳಿ’ ಎಂಬ ಹೆಸರನ್ನೇ ನೋಡಿ. ಮೊದಲ ಅಕ್ಷರದ ‘ಒ’ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ‘ಎ’ ಚಿಹ್ನೆಯ ಮುಂದೆ ‘ಊ’ ಚಿಹ್ನೆ ಸೇರಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ‘ಹೊನ್ನಾಳಿ’ಯೇ, ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಒಳಗಿನ ಬೈಟುಗಳು ಮಾತ್ರ ಬೇರೆ ಬೇರೆ. ಇದರಿಂದಾಗಿ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲುಗಳು ಕೂತಿರುವಂತೆ ಕಾಣುವ ವಿಚಿತ್ರವೂ ಸಾಧ್ಯ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪತ್ರವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟರೆ ಓದುಗನಿಗೆ ಅದು ಅದೇ ಪತ್ರ, ಯಂತ್ರಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಫೈಲು. ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಲ್ಲಿ ಇಂಥ ಜೋಡಿಗಳು ಸಾಮಾನ್ಯ. ಫೋಟೊಗಳದ್ದೂ ಇದೇ ಕಥೆ. ವಾಟ್ಸ್‌ಆ್ಯಪ್ ಮೂಲಕ ಫೋಟೊವಾಗಿ ಕಳಿಸಿದ ಚಿತ್ರ ಕುಗ್ಗಿ, ತೆಗೆದ ದಿನಾಂಕ ಮತ್ತು ಸ್ಥಳದ ಮಾಹಿತಿಯನ್ನು ಕಳೆದುಕೊಂಡು ತಲುಪುತ್ತದೆ. ಮಳೆಗೆ ಮಲಗಿದ ಭತ್ತದ ಫೋಟೊಗೆ ಬೆಲೆ ಬರುವುದು ಅದು ಎಂದು, ಎಲ್ಲಿ ತೆಗೆದದ್ದು ಎಂದು ತೋರಿಸಬಲ್ಲಾಗ. ಹೋಲುವ ಚಿತ್ರಗಳನ್ನು ಹುಡುಕುವ ತಂತ್ರಾಂಶ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸೀತು. ಫಾರ್ವರ್ಡ್ ಆಗಿ ಬಂದದ್ದನ್ನು ಬಿಟ್ಟು ಕ್ಯಾಮೆರಾದ ಮೂಲವನ್ನು ಉಳಿಸಬೇಕು ಎಂಬ ತೀರ್ಪು ಮನುಷ್ಯನದೇ.

ಇದಕ್ಕೆ ತಿರುಗಾಮುರುಗ ಅಪಾಯವೂ ಇದೆ. ಹೆಸರು ಒಂದೇ, ಒಳಗಿನದು ಬೇರೆ. ಒಂದೇ ಸರ್ವೆ ನಂಬರಿನ ಎರಡು ಪಹಣಿ ಫೈಲುಗಳನ್ನು ತೆರೆದು 11ನೇ ಕಾಲಂ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಜಮೀನಿನ ಮೇಲಿನ ಋಣ ದಾಖಲಾಗುವುದು ಅಲ್ಲಿ. ಸಾಲ ತೀರುವ ಮುಂಚಿನ ಪಹಣಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ, ತೀರಿ ನಮೂದು ರದ್ದಾದ ಮೇಲಿನದರಲ್ಲಿ ಇರುವುದಿಲ್ಲ. ಎರಡನ್ನೂ ‘ಪಹಣಿ’ ಎಂದೇ ಹೆಸರಿಟ್ಟು ಉಳಿಸಿದ್ದರೆ, ಹೆಸರು ನೋಡಿ ಒಂದನ್ನು ಅಳಿಸುವವರು ಬೇಕಾದದ್ದನ್ನೇ ಅಳಿಸಿಯಾರು. ನಮ್ಮ ಜಿಲ್ಲೆಯಲ್ಲಿ ಆಡಳಿತದ ಗಡಿಗಳೂ ಗೊಂದಲ ಹೆಚ್ಚಿಸಿವೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಒಂದೇ ಊರಿನ ದಾಖಲೆಗಳು ಹಳೆಯ ಜಿಲ್ಲೆಯ ಹೆಸರಿನ ಫೋಲ್ಡರಿನಲ್ಲಿ ಒಂದಿಷ್ಟು, ಹೊಸ ತಾಲ್ಲೂಕಿನ ಹೆಸರಿನಲ್ಲಿ ಒಂದಿಷ್ಟು ಹಂಚಿಹೋದರೆ ಆಶ್ಚರ್ಯವಿಲ್ಲ. ಆದ್ದರಿಂದ ಹೆಸರು ಒಂದೇ ಎಂಬುದು ನಕಲು ಎನ್ನಲು ಸಾಕ್ಷಿಯಲ್ಲ, ಹೆಸರು ಬೇರೆ ಎಂಬುದು ಬೇರೆ ದಾಖಲೆ ಎನ್ನಲೂ ಸಾಕ್ಷಿಯಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಹಾರ್ಡ್‌ಡಿಸ್ಕ್ ಈಗ ಅಗ್ಗ, ಎಲ್ಲವೂ ಇರಲಿ ಬಿಡಿ ಎನ್ನುವವರಿದ್ದಾರೆ. ಜಾಗದ ಲೆಕ್ಕ ಮಾತ್ರ ನೋಡಿದರೆ ಅವರ ಮಾತು ಸರಿ. ಪಹಣಿಯ ಫೈಲು ತಿನ್ನುವ ಜಾಗ ಯಾವ ಲೆಕ್ಕಕ್ಕೂ ಬಾರದು. ಆದರೆ ಅರ್ಜಿಯ ಕೊನೆಯ ದಿನ ಸಂಜೆ, ಸರ್ವರ್ ನಿಧಾನವಾಗಿರುವಾಗ, ಒಂದೇ ಹೆಸರಿನ ಐದು ಫೈಲುಗಳಲ್ಲಿ ಯಾವುದನ್ನು ಅಪ್‌ಲೋಡ್ ಮಾಡಬೇಕೆಂದು ತಿಳಿಯದೆ ನಿಂತವರಿಗೆ ಅಗ್ಗದ ಡಿಸ್ಕಿನಿಂದ ಉಪಯೋಗವಿಲ್ಲ. ಅವಧಿ ಮುಗಿದ ಆದಾಯ ಪ್ರಮಾಣಪತ್ರ ಏರಿಸಿದರೆ ಅರ್ಜಿ ತಿರಸ್ಕೃತವಾಗಬಹುದು. ಕಾಲ ಸರಿದಷ್ಟೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ, ಯಾಕೆಂದರೆ ಯಾವುದನ್ನು ಯಾಕೆ ಉಳಿಸಿದ್ದು ಎಂಬ ನೆನಪು ಫೈಲಿನೊಳಗೆ ಬರೆದಿರುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪ್ರತಿಗಳೇ ಅಲ್ಲವೇ ರಕ್ಷಣೆ? ನಮ್ಮ ಪರಂಪರೆಯೇ ಇದಕ್ಕೆ ಸಾಕ್ಷಿ ಹೇಳುತ್ತದೆ. 1891ರಲ್ಲಿ ಆರಂಭವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಆ ಕೃತಿಯ ಇನ್ನಷ್ಟು ಪ್ರತಿಗಳು ಬೇರೆ ಕಡೆ ಸಿಕ್ಕಿದ್ದರಿಂದಲೇ ಮುಂದೆ ಪಾಠಗಳನ್ನು ಹೋಲಿಸಿ ಪರಿಷ್ಕರಿಸುವುದು ಸಾಧ್ಯವಾಯಿತು. ಪ್ರತಿ ಮಾಡಿದವರು ಇಲ್ಲದಿದ್ದರೆ ಎಷ್ಟೋ ಕೃತಿಗಳು ಗೆದ್ದಲ ಪಾಲಾಗುತ್ತಿದ್ದವು. ಆದರೆ ಆ ಪ್ರತಿಗಳಿಗೆ ಬೆಲೆ ಬಂದದ್ದು ಅವು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕೈಗಳಲ್ಲಿ ಇದ್ದುದರಿಂದ. ಒಂದೇ ಕಣಜದಲ್ಲಿ ಬಿತ್ತನೆ ಬೀಜದ ನಾಲ್ಕು ಚೀಲ ಇಟ್ಟರೆ, ನೀರು ನುಗ್ಗಿದ ದಿನ ನಾಲ್ಕೂ ಹೋಗುತ್ತವೆ. ಒಂದೇ ಡಿಸ್ಕಿನ ನಾಲ್ಕು ಫೋಲ್ಡರುಗಳಲ್ಲಿರುವ ನಕಲುಗಳದ್ದೂ ಅದೇ ಗತಿ. ಡಿಸ್ಕ್ ಕೆಟ್ಟಾಗ ಅವು ಒಟ್ಟಿಗೇ ಸಾಯುತ್ತವೆ. ಬ್ಯಾಕಪ್ ಎಂದರೆ ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ ಎಂಬ ನಿಯಮ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಗೊತ್ತಿದ್ದು, ಬೇರೆ ಕಡೆ, ಉದ್ದೇಶವಿಟ್ಟು ಇಟ್ಟದ್ದು ಬ್ಯಾಕಪ್. ಗೊತ್ತಿಲ್ಲದೆ ಪಕ್ಕದಲ್ಲೇ ಬಿದ್ದದ್ದು ನಕಲು. ಎರಡನೆಯದನ್ನು ತೆಗೆಯುವುದರಿಂದ ಮೊದಲನೆಯದಕ್ಕೆ ಧಕ್ಕೆ ಇಲ್ಲ.

ತಪ್ಪಿ ಬೇಕಾದದ್ದೇ ಅಳಿಸಿಹೋದರೆ ಎಂಬ ಭಯ ಉಳಿಯುತ್ತದೆ, ಅದು ಸಕಾರಣವಾದ ಭಯ. ಅದಕ್ಕೆ ಉತ್ತರ ಕ್ರಮಬದ್ಧತೆ. ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಒಮ್ಮೆ ಪ್ರತಿ ಮಾಡಿಕೊಳ್ಳಬೇಕು. ಹುಡುಕಾಟವನ್ನು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್‌ನಂಥ ಸ್ವಂತ ಫೋಲ್ಡರುಗಳಿಗೆ ಸೀಮಿತಗೊಳಿಸಬೇಕು. ವಿಂಡೋಸ್ ಮತ್ತು ಪ್ರೋಗ್ರಾಂಗಳ ಫೋಲ್ಡರಿನಲ್ಲಿ ಒಂದೇ ಫೈಲು ಹಲವು ಕಡೆ ಕಾಣುವುದಕ್ಕೆ ಕಾರಣಗಳಿರುತ್ತವೆ. ಅಲ್ಲಿ ಕೈ ಹಾಕಿದರೆ ಕಂಪ್ಯೂಟರೇ ಏಳದಿರಬಹುದು. ತಂತ್ರಾಂಶ ತೋರಿಸಿದ ಪಟ್ಟಿಯನ್ನು ಕಣ್ಣಾರೆ ನೋಡದೆ ‘ಎಲ್ಲ ಅಳಿಸು’ ಒತ್ತಬಾರದು. ನಕಲುಗಳನ್ನು ಬೇರೊಂದು ಫೋಲ್ಡರಿಗೆ ಸಾಗಿಸಿ ಕೆಲವು ತಿಂಗಳು ಕಾದರೆ, ಯಾವುದಾದರೂ ಬೇಕೆನಿಸಿದಾಗ ಅಲ್ಲೇ ಸಿಗುತ್ತದೆ. ಗೂಗಲ್ ಫೋಟೋಸ್ ಅಥವಾ ಡ್ರೈವ್‌ನೊಂದಿಗೆ ಸಿಂಕ್ ಆಗಿರುವ ಫೋನಿನಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯಿಂದಲೂ ಹೋಗಬಹುದು ಎಂಬುದು ನೆನಪಿರಬೇಕು. ಉಳಿಸಿಕೊಂಡ ಪ್ರತಿಗೆ ವರ್ಷ, ತಿಂಗಳು, ದಿನ, ಸರ್ವೆ ನಂಬರ್ ಸೇರಿಸಿ ಹೆಸರಿಟ್ಟರೆ ಮುಂದಿನ ನಕಲು ಹುಟ್ಟುವ ಕಾರಣವೇ ಕಡಿಮೆಯಾಗುತ್ತದೆ.

ನಕಲಿನ ಕೇಡು ಮನೆಯವರಿಗಷ್ಟೇ ಸೀಮಿತವೂ ಅಲ್ಲ. ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿ ಎಂದು ಆಧಾರ್ ಪ್ರಾಧಿಕಾರವೇ ಸೂಚಿಸಿದೆ. ಪ್ರತಿಗಳು ಎಲ್ಲೆಲ್ಲಿ ಹುಟ್ಟಿವೆ ಎಂದು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಅಳಿಸುವುದು ಹೇಗೆ? ಬ್ರೌಸರ್ ಎರಡನೇ ಸಲ ಇಳಿಸಿದ್ದಕ್ಕೆ ‘(1)’ ಎಂದು ಸೇರಿಸಿ ಸುಮ್ಮನಾಗುತ್ತದೆ. ಪ್ರಿಂಟ್ ತೆಗೆದು ಹೊರಟವರಿಗೆ ಅದು ಕಾಣುವುದೇ ಇಲ್ಲ. ಗ್ರಾಹಕರ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೇಂದ್ರಗಳು ದಿನದ ಕೊನೆಗೆ ಡೌನ್‌ಲೋಡ್ಸ್ ಮತ್ತು ಸ್ಕ್ಯಾನ್ ಫೋಲ್ಡರುಗಳನ್ನು ಖಾಲಿ ಮಾಡುವುದನ್ನು ಅಂಗಡಿಯ ಬಾಗಿಲು ಹಾಕುವಷ್ಟೇ ಕಡ್ಡಾಯದ ಅಭ್ಯಾಸ ಮಾಡಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಉದ್ದೇಶ ಮುಗಿದ ಮೇಲೆ ಇನ್ನೊಬ್ಬರ ಮಾಹಿತಿಯನ್ನು ಇಟ್ಟುಕೊಳ್ಳುವಂತಿಲ್ಲ.

ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳ ಸ್ಕ್ಯಾನಿಂಗ್ 2024ರಿಂದ ನಡೆಯುತ್ತಿದೆ. ಶಿಥಿಲವಾಗುತ್ತಿದ್ದ ಹಾಳೆಗಳು ಉಳಿಯುತ್ತವೆ ಎಂಬುದು ಸಂತೋಷದ ಸಂಗತಿ. ಅದರ ಜೊತೆಗೆ ಹೊಸ ಪ್ರತಿಗಳೂ ಜನರ ಫೋನು, ಕಂಪ್ಯೂಟರುಗಳಿಗೆ ಹರಿದು ಬರುತ್ತವೆ. ಅವುಗಳನ್ನು ಜೋಡಿಸಿಟ್ಟುಕೊಳ್ಳುವ ತಿಳಿವಳಿಕೆಯೂ ಜನರಿಗೆ ಸಿಗಬೇಕು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ಈ ಕೆಲಸಕ್ಕೆ ಹೇಳಿಮಾಡಿಸಿದ ಜಾಗ. ಫೈಲಿಗೆ ಹೆಸರಿಡುವುದು, ನಕಲು ಹುಡುಕುವುದು, ಬ್ಯಾಕಪ್ ಮಾಡುವುದು, ಬೇಡವಾದದ್ದನ್ನು ಅಳಿಸುವುದು ಇವನ್ನು ಅಲ್ಲಿ ಕಲಿಸಿದರೆ ಯುವಕರು ತಮ್ಮ ಮನೆಯ ದಾಖಲೆಗಳನ್ನು ತಾವೇ ಅಣಿಗೊಳಿಸಿಕೊಳ್ಳಬಲ್ಲರು. ಸರ್ಕಾರ 2 ಕೋಟಿ ಪಹಣಿಗಳಿಗೆ ಮಾಡಿದ್ದನ್ನು ಒಂದು ಕುಟುಂಬ ತನ್ನ ನೂರಾರು ಫೈಲುಗಳಿಗೆ ಮಾಡಿಕೊಳ್ಳುವುದು ಕಷ್ಟವಲ್ಲ. ಅದಕ್ಕೆ ದುಬಾರಿ ಯಂತ್ರ ಬೇಡ, ಅಸಲು ಯಾವುದೆಂದು ಒಮ್ಮೆ ಕೂತು ತೀರ್ಮಾನಿಸಿ ಆ ತೀರ್ಮಾನಕ್ಕೆ ಬದ್ಧವಾಗಿರುವುದು ಬೇಕು.