ಕೀ ತಿರುಗದಿದ್ದರೆ ಬಲ ಹಾಕಬೇಡಿ

ಕಾರಿನಲ್ಲಿ ಕೂತು ಕೀ ಹಾಕಿದರೆ ತಿರುಗುವುದಿಲ್ಲ. ಎರಡನೇ ಸಲ ಕೈ ತಾನಾಗಿ ಹೆಚ್ಚು ಬಲ ಹಾಕುತ್ತದೆ. ಮೂರನೇ ಸಲಕ್ಕೆ ಕೆಲವರು ಇಕ್ಕಳವನ್ನೇ ತರುತ್ತಾರೆ. ಕೀ ಮುರಿದು ಅರ್ಧ ಭಾಗ ಲಾಕಿನೊಳಗೇ ಉಳಿಯುವುದು ಹೀಗೆಯೇ. ಇಗ್ನಿಷನ್ ಲಾಕ್ ಸಾಮಾನ್ಯವಾಗಿ ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ಕೀ ಒಳಹೋಗುವಾಗ ತಡವರಿಸುವುದು, ಸ್ವಲ್ಪ ಹೊರಗೆಳೆದರೆ ಮಾತ್ರ ತಿರುಗುವುದು, ಬೆಳಗ್ಗೆ ಬಿಗಿ, ಮಧ್ಯಾಹ್ನ ಸಲೀಸು - ಹೀಗೆ ಮುಂಚೆಯೇ ಸೂಚನೆ ಕೊಡುತ್ತಿರುತ್ತದೆ. ನಾವು ಅದಕ್ಕೆ ಒಗ್ಗಿಹೋಗುತ್ತೇವೆ, ಅಷ್ಟೆ.

ಮೊದಲು ಸ್ಟೀರಿಂಗ್ ನೋಡಿ. ಕೀ ತೆಗೆದ ಮೇಲೆ ಸ್ಟೀರಿಂಗ್ ತಿರುಗಿದರೆ ಒಂದು ಉಕ್ಕಿನ ಬೋಲ್ಟ್ ಅದರ ದಂಡದ ಕಚ್ಚಿನೊಳಗೆ ಕೂರುತ್ತದೆ. ಕಳ್ಳತನ ತಡೆಯಲೆಂದೇ ಮಾಡಿದ ಏರ್ಪಾಡು ಇದು. ಚಕ್ರ ಫುಟ್‌ಪಾತಿನ ಅಂಚಿಗೆ ಒರಗಿದ್ದರೆ ಆ ಬೋಲ್ಟ್ ಬಿಗಿಯಾಗಿ ಸಿಕ್ಕಿಕೊಂಡು ಕೀಯನ್ನೂ ತಡೆಹಿಡಿಯುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಅಲುಗಾಡಿಸಿ ನೋಡಿ. ಒಂದು ಕಡೆ ಕಲ್ಲಿನಂತೆ ನಿಲ್ಲುತ್ತದೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಡಿಲ ಸಿಗುತ್ತದೆ. ಆ ಸಡಿಲದ ಕಡೆಗೆ ಒತ್ತಿ ಹಿಡಿದು ಕೀ ಮೆಲ್ಲಗೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿ ಕೀ ಹೊರಬರುತ್ತಿಲ್ಲವೆಂದರೆ ಗೇರ್ 'ಪಿ'ಯಲ್ಲಿ ಪೂರ್ತಿ ಕೂತಿದೆಯೇ ಎಂದು ಮೊದಲು ನೋಡಬೇಕು.

ಸ್ಟೀರಿಂಗ್ ಸಡಿಲವಿದ್ದೂ ಕೀ ತಿರುಗದಿದ್ದರೆ ತೊಂದರೆ ಲಾಕಿನ ಸಿಲಿಂಡರಿನೊಳಗಿದೆ, ಅಂದರೆ ಕೀ ಜೊತೆ ತಿರುಗುವ ಭಾಗದೊಳಗೆ. ಅಲ್ಲಿ ಹಿತ್ತಾಳೆಯ ತೆಳು ತಗಡುಗಳು ಸಾಲಾಗಿ ನಿಂತಿರುತ್ತವೆ. ಒಂದೊಂದರ ಹಿಂದೆಯೂ ಸಣ್ಣ ಸ್ಪ್ರಿಂಗ್. ಸರಿಯಾದ ಕೀ ಹೋದಾಗ ಅದರ ಕಚ್ಚುಗಳು ಪ್ರತಿ ತಗಡನ್ನೂ ತಕ್ಕ ಎತ್ತರಕ್ಕೆ ತರುತ್ತವೆ. ಎಲ್ಲವೂ ಸಿಲಿಂಡರಿನ ಮೈಯೊಳಗೆ ಅಡಗಿದರೆ ಮಾತ್ರ ಅದು ತಿರುಗುತ್ತದೆ. ಒಂದೇ ಒಂದು ತಗಡು ಚೂರು ಹೊರಚಾಚಿದ್ದರೂ ಇಲ್ಲ. ಧೂಳು ಸೇರಿ ಸ್ಪ್ರಿಂಗ್ ಜಡವಾದರೆ, ತಗಡಿನ ಅಂಚು ಸವೆದರೆ, ಕೀಯ ಹಲ್ಲು ಮೊಂಡಾದರೆ, ಪರಿಣಾಮ ಒಂದೇ.

ಇಲ್ಲಿ ನಮ್ಮವರು ಕೊಬ್ಬರಿ ಎಣ್ಣೆ ಬಿಡುತ್ತಾರೆ. ದಯವಿಟ್ಟು ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗ್ಗೆ ಅದು ಲಾಕಿನೊಳಗೆ ತುಪ್ಪದಂತೆ ಗಟ್ಟಿಯಾಗಿರುತ್ತದೆ. ಎಂಜಿನ್ ಆಯಿಲ್ ಹೆಪ್ಪುಗಟ್ಟದಿದ್ದರೂ ಧೂಳನ್ನು ಹಿಡಿದಿಟ್ಟು ಮಸಿಯಾಗುತ್ತದೆ. ಬೀಗಕ್ಕೆ ಒಗ್ಗುವುದು ಒಣ ಗ್ರಾಫೈಟ್ ಪುಡಿ. ಅದನ್ನೂ ಒಂದು ಚಿಟಿಕೆ ಹಾಕಿ, ಕೀಯನ್ನು ಕೆಲವು ಸಲ ಒಳಗೆ ಹೊರಗೆ ಆಡಿಸಿದರೆ ಸಾಕು. ಗ್ರಾಫೈಟ್ ವಿದ್ಯುತ್ ಹರಿಸುವ ವಸ್ತು, ಸಿಲಿಂಡರಿನ ಹಿಂದೆ ಇರುವುದು ವಿದ್ಯುತ್ ಸ್ವಿಚ್. ಆದ್ದರಿಂದ ಧಾರಾಳತನ ಬೇಡ.

ಪುಡಿಗೂ ಬಗ್ಗದಿದ್ದರೆ ಮನೆಯಲ್ಲಿರುವ ಎರಡನೇ ಕೀ ಹಾಕಿ ನೋಡಿ. ಅದು ಸಲೀಸಾಗಿ ತಿರುಗಿದರೆ ಲಾಕ್ ನಿರಪರಾಧಿ, ಸವೆದಿರುವುದು ಕೀ. ಎರಡನ್ನೂ ಬೆಳಕಿಗೆ ಹಿಡಿದರೆ ಹಳೆಯದರ ಹಲ್ಲುಗಳ ತುದಿ ದುಂಡಗಾಗಿರುವುದು ಕಣ್ಣಿಗೇ ಕಾಣುತ್ತದೆ. ಆಗ ಆ ಸವೆದ ಕೀಯನ್ನೇ ಕೊಟ್ಟು ಡೂಪ್ಲಿಕೇಟ್ ಮಾಡಿಸಿದರೆ ಸವಕಲೂ ಜೊತೆಗೇ ನಕಲಾಗುತ್ತದೆ. ಸವೆಯದ ಕೀಯಿಂದ, ಇಲ್ಲವೇ ಕಂಪನಿಯ ಕೀ ನಂಬರಿನಿಂದ ಕತ್ತರಿಸಬೇಕು. ಇಮೊಬಿಲೈಸರ್ ಇರುವ ಕಾರಿಗೆ ಚಿಪ್ ಕೂಡ ಬೇಕು, ಇಲ್ಲದಿದ್ದರೆ ಕೀ ತಿರುಗುತ್ತದೆ, ಎಂಜಿನ್ ಏಳುವುದಿಲ್ಲ.

ಎಲ್ಲಕ್ಕಿಂತ ಅಪಾಯದ ಸೂಚನೆ ಬೇರೆಯೇ ಇದೆ. ಎಂಜಿನ್ ಎದ್ದ ಮೇಲೆ ಕೀ 'ಸ್ಟಾರ್ಟ್'ನಿಂದ 'ಆನ್'ಗೆ ತಾನಾಗಿ ಮರಳಬೇಕು. ಮರಳದೆ ಅಲ್ಲೇ ನಿಂತರೆ ಸ್ಟಾರ್ಟರ್ ಮೋಟಾರ್ ತಿರುಗುತ್ತಲೇ ಇದ್ದು ಸುಟ್ಟುಹೋಗಬಹುದು. ಕರ್ರೆನ್ನುವ ಸದ್ದು ಕೇಳಿದ ಕೂಡಲೇ ಕೈಯಿಂದಲೇ ಕೀಯನ್ನು ಹಿಂದಕ್ಕೆ ತಂದು, ಅದೇ ದಿನ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಸಡಿಲವಾದರೂ ಕಷ್ಟವೇ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಷೆವ್ರೊಲೆ ಕೊಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಅವುಗಳ ಸ್ವಿಚ್ ಎಷ್ಟು ಸಡಿಲವೆಂದರೆ, ಭಾರದ ಕೀ ಗೊಂಚಲು ಜಗ್ಗಿದರೆ ಅಥವಾ ಮೊಣಕಾಲು ತಾಗಿದರೆ ಓಡುವ ಕಾರಿನ ಎಂಜಿನ್ ನಿಂತುಹೋಗುತ್ತಿತ್ತು, ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಮನೆ, ಅಂಗಡಿ, ಗೋದಾಮಿನ ಕೀಗಳನ್ನೆಲ್ಲ ಕಾರಿನ ಕೀಗೆ ನೇತುಹಾಕುವವರು ಇದನ್ನು ಗಮನಿಸಬೇಕು. ಆ ತೂಕ ಪ್ರತಿ ಹಳ್ಳ, ಪ್ರತಿ ಹಂಪಿನಲ್ಲೂ ಸಿಲಿಂಡರನ್ನು ಜಗ್ಗುತ್ತಿರುತ್ತದೆ.

ಸಿಲಿಂಡರ್ ಬದಲಿಸುವುದಾದರೆ ಅನುಭವಿಗಳ ಕೈಗೇ ಬಿಡಿ. ಹಲವು ಕಾರುಗಳಲ್ಲಿ ಲಾಕನ್ನು ಹಿಡಿದಿರುವ ಬೋಲ್ಟ್‌ಗಳಿಗೆ ತಲೆಯೇ ಇರುವುದಿಲ್ಲ. ಕಳ್ಳನ ಸ್ಪ್ಯಾನರ್‌ಗೆ ಹಿಡಿತ ಸಿಗಬಾರದೆಂದು, ಕಾರ್ಖಾನೆಯಲ್ಲಿ ಬಿಗಿಯುವಾಗಲೇ ತಲೆ ತುಂಡಾಗಿ ಬೀಳುವಂತೆ ಮಾಡಿರುತ್ತಾರೆ. ಬಿಚ್ಚಬೇಕೆಂದರೆ ಡ್ರಿಲ್ ಹಾಕಬೇಕು, ಇಲ್ಲವೇ ಚಾಣದಿಂದ ತಟ್ಟಿ ತಿರುಗಿಸಬೇಕು. ಪಕ್ಕದಲ್ಲೇ ಏರ್‌ಬ್ಯಾಗಿನ ತಂತಿಗಳೂ ಇರುತ್ತವೆ. ಬ್ಯಾಟರಿ ಬಿಚ್ಚದೆ ಅಲ್ಲಿ ಕೈಹಾಕುವ ಮೆಕ್ಯಾನಿಕ್ ಬಳಿ ಈ ಕೆಲಸ ಮಾಡಿಸಬೇಡಿ.

ಈ ವಾರ ಒಂದು ಕೆಲಸ ಮಾಡಿ. ಹೊಸ ಕಾರಿನ ಕೀಗಳ ಜೊತೆ ಸಾಮಾನ್ಯವಾಗಿ ನಂಬರ್ ಅಚ್ಚೊತ್ತಿದ ಸಣ್ಣ ಬಿಲ್ಲೆಯೊಂದು ಬರುತ್ತದೆ. ಅದನ್ನು ಹುಡುಕಿ, ನಂಬರನ್ನು ಬರೆದಿಟ್ಟುಕೊಳ್ಳಿ. ಬಿಲ್ಲೆಯನ್ನು ಕಾರಿನಲ್ಲಲ್ಲ, ಮನೆಯ ಬೀರುವಿನಲ್ಲಿಡಿ.