ಒಂದೇ ಟಿಕ್ ಬಿದ್ದ ಎರಡು ದಿನ

ಎರಡು ಕೆ.ಜಿ. ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿ, ಸ್ವೆಟರ್, ಪುಟ್ಟ ಕುಕ್ಕರ್. ಮೆಡಿಕಲ್ ಓದಲು ಚೀನಾದ ಕುನ್ಮಿಂಗ್‌ಗೆ ಹೊರಟಾಗ ಅಮ್ಮ ನನ್ನ ಸೂಟ್‌ಕೇಸಿಗೆ ತುಂಬಿದ್ದು ಇಷ್ಟು. ಫೋನಿನ ಬಗ್ಗೆ ಮಾತ್ರ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ದಾವಣಗೆರೆಯಲ್ಲಿ ಬೆಣ್ಣೆದೋಸೆಗೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬೆಳೆದವಳು ನಾನು. ಅಲ್ಲಿ ಇಳಿದ ಮೇಲೆ ಬೇಕಾದ್ದನ್ನೆಲ್ಲ ಡೌನ್‌ಲೋಡ್ ಮಾಡಿಕೊಂಡರಾಯಿತು ಎಂಬ ಧಿಮಾಕು!

ಇಳಿದಾಗ ವಿಮಾನ ನಿಲ್ದಾಣದ ವೈಫೈ ಮೊಬೈಲ್ ನಂಬರ್ ಕೇಳಿತು. ನನ್ನ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಒಟಿಪಿ ಬರಲಿಲ್ಲ. ಹಾಸ್ಟೆಲ್ಲಿನಲ್ಲಿ ಹೇಗೋ ವೈಫೈ ಸಿಕ್ಕಿತು, ಆದರೆ ವಾಟ್ಸ್‌ಆ್ಯಪ್ ಸುಮ್ಮನೆ ಸುತ್ತುತ್ತಿತ್ತು. ಚೀನಾದ ಇಂಟರ್ನೆಟ್ಟಿನಲ್ಲಿ ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ತೆರೆಯುವುದಿಲ್ಲ ಎಂದು ಓದಿದ್ದೆ. ಪ್ಲೇಸ್ಟೋರ್ ಕೂಡ ಗೂಗಲ್‌ನದೇ ಎಂಬುದು ಹೊಳೆದಿರಲೇ ಇಲ್ಲ. ಅಲ್ಲಿ ಎಲ್ಲದಕ್ಕೂ ಬೇಕಾಗುವ ವಿಚಾಟ್ ನಮ್ಮಲ್ಲಿ 2020ರ ಜೂನ್‌ನಲ್ಲೇ ನಿಷೇಧವಾಗಿದೆ. ಹಾಗಾಗಿ ಅದೂ ನನ್ನ ಫೋನಿನಲ್ಲಿರಲಿಲ್ಲ.

ಹಸಿವು ತಡೆಯದೆ ಗೇಟಿನೆದುರಿನ ಚಿಕ್ಕ ಅಂಗಡಿಗೆ ಹೋದೆ. ಅಕ್ಕಿ ಶಾವಿಗೆಯ ಬಿಸಿ ಸಾರು. ಅಂಗಡಿಯಾಕೆ ಕ್ಯಾಲ್ಕುಲೇಟರ್‌ನಲ್ಲಿ 12 ಎಂದು ಒತ್ತಿ ತೋರಿಸಿ, ಗೋಡೆಯ ಮೇಲಿನ ಕೋಡ್ ಕಡೆ ಕೈ ಮಾಡಿದರು. ನಾನು 100 ಯುವಾನ್ ನೋಟು ಹಿಡಿದೆ. ನಗದನ್ನು ಅಂಗಡಿಯವರು ನಿರಾಕರಿಸುವಂತಿಲ್ಲ ಎಂದು ಅಲ್ಲಿನ ಕೇಂದ್ರ ಬ್ಯಾಂಕಿನ ನಿಯಮವೇ ಇದೆ. ಆದರೆ ಚಿಲ್ಲರೆ ಇರಬೇಕಲ್ಲ? ಆಕೆ ಡ್ರಾಯರ್ ತಡಕಾಡಿ, ನಕ್ಕು, ಹೋಗು ಎಂದು ಸನ್ನೆ ಮಾಡಿದರು. ಪರದೇಶದಲ್ಲಿ ನನ್ನ ಮೊದಲ ಊಟ ಸಾಲದ್ದು.

ಎರಡನೇ ದಿನ ಸಂಜೆ ಕಲಬುರಗಿಯ ಸೀನಿಯರ್ ಅಕ್ಕ ಸಿಕ್ಕರು. 'ಮನ್ಯಾಗ ಗಾಬರಿ ಆಗಿರ್ತಾರ, ಮೊದ್ಲ ಫೋನ್ ಮಾಡವಾ' ಎಂದು ತಮ್ಮ ಮೊಬೈಲ್ ಕೊಟ್ಟರು. ಅವರ ಭಾರತದ ಸಿಮ್‌ನಲ್ಲಿ ರೋಮಿಂಗ್ ಡೇಟಾ ಇತ್ತು. ಅದು ನಮ್ಮ ದೇಶದ ಕಂಪನಿಯ ಮೂಲಕವೇ ಹಾದುಹೋಗುವುದರಿಂದ ವಾಟ್ಸ್‌ಆ್ಯಪ್ ನಡೆಯುತ್ತದೆ. ಅಮ್ಮ ಮೊದಲು ಮಾತಾಡಲೇ ಇಲ್ಲ, ಅಳುತ್ತಿದ್ದರು. ಕಳಿಸಿದ ಮೆಸೇಜಿಗೆಲ್ಲ ಒಂದೇ ಟಿಕ್. ಎರಡು ರಾತ್ರಿ ಆ ಟಿಕ್ ನೋಡುತ್ತಾ ಕೂತಿದ್ದರಂತೆ. ಅಣ್ಣ ಕಾಲೇಜಿಗೆ ಇಮೇಲ್ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದ. ಆಮೇಲೆ ಬೈಗುಳವೂ ಬಂತು, ಅದು ಬೇರೆ ವಿಷಯ.

ದುಡ್ಡಿನ ಕಥೆ ಇನ್ನೂ ಗೋಜಲು. ನಮ್ಮ ಯುಪಿಐ ಅಲ್ಲಿನ ಕೋಡ್‌ಗೆ ನಡೆಯದು. ಅಲಿಪೇ ಮತ್ತು ವಿಚಾಟ್‌ಗೆ ವಿದೇಶಿಯರ ವೀಸಾ, ಮಾಸ್ಟರ್‌ಕಾರ್ಡ್ ಜೋಡಿಸಬಹುದು. 200 ಯುವಾನ್‌ವರೆಗೆ ಶುಲ್ಕವಿಲ್ಲ, ಮೀರಿದರೆ ಶೇ 3. ನನ್ನ ಬಳಿ ವೀಸಾ ಕಾರ್ಡೇನೋ ಇತ್ತು, ಆದರೆ ಅದರ ವಿದೇಶಿ ಬಳಕೆ ಆಫ್ ಆಗಿತ್ತು. ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳು ಹಾಗೆಯೇ ಬರುತ್ತವೆ, ನಾವೇ ಆನ್ ಮಾಡಬೇಕು. ಆನ್ ಮಾಡಲು ಒಟಿಪಿ, ಒಟಿಪಿಗೆ ರೋಮಿಂಗ್, ರೋಮಿಂಗ್‌ಗೆ ದುಡ್ಡು ಕಟ್ಟಬೇಕು! ಕೊನೆಗೆ ದಾವಣಗೆರೆಯಿಂದ ಅಣ್ಣ ನನ್ನ ನಂಬರಿಗೆ ರೋಮಿಂಗ್ ರೀಚಾರ್ಜ್ ಮಾಡಿದ ಮೇಲೆ ಒಂದೊಂದೇ ಬೀಗ ತೆರೆಯಿತು. ವಿಚಾಟ್‌ನಲ್ಲಿ ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಕೋಡ್ ಸ್ಕ್ಯಾನ್ ಮಾಡಿ ಸಾಕ್ಷಿ ಹೇಳಬೇಕಾಯಿತು. ಅದನ್ನೂ ಅಕ್ಕನೇ ಮಾಡಿಕೊಟ್ಟರು.

ಮಾರನೆಯ ದಿನ ಸ್ಥಳೀಯ ಸಿಮ್ ಕೊಳ್ಳಲು ಹೋದೆ. ಪಾಸ್‌ಪೋರ್ಟ್ ಕೊಟ್ಟು ಕ್ಯಾಮೆರಾ ಮುಂದೆ ಮುಖವನ್ನೂ ತೋರಿಸಬೇಕು. ರೈಲು ಟಿಕೆಟ್ಟಿಗೂ ಪಾಸ್‌ಪೋರ್ಟ್ ನಂಬರ್. ಹಾಸ್ಟೆಲ್ ಗೇಟೂ ಮುಖ ನೋಡಿಯೇ ತೆರೆಯುತ್ತದೆ. ಮೊದಲ ವಾರ ಮುಜುಗರವಾಗುತ್ತಿತ್ತು. ಈಗ ಆಗುವುದಿಲ್ಲ, ಅದೇ ನನಗೆ ಸ್ವಲ್ಪ ಭಯ. ಊರಿನಲ್ಲೂ ಬಟ್ಟೆ ಅಂಗಡಿ ಬಿಲ್ಲಿಗೆ ಕೇಳಿದ ತಕ್ಷಣ ಫೋನ್ ನಂಬರ್ ಹೇಳುತ್ತಿದ್ದವಳೇ ನಾನು. ಇಲ್ಲಿ ಒಂದೇ ಆ್ಯಪ್ ನನ್ನ ಹರಟೆ, ಪರ್ಸು, ಕ್ಲಾಸ್ ಗ್ರೂಪ್ ಎಲ್ಲವೂ ಆಗಿದೆ. ವಾಟ್ಸ್‌ಆ್ಯಪ್‌ನಂತೆ ಕಳಿಸಿದವರು, ಪಡೆದವರಷ್ಟೇ ಓದುವ ಭದ್ರತೆ ಅದರ ಮೆಸೇಜುಗಳಿಗಿಲ್ಲ. 'ಊರ ಗ್ರೂಪಿಗೆ ಬಂದಿದ್ದೆಲ್ಲ ಇಲ್ಲಿ ಫಾರ್ವರ್ಡ್ ಮಾಡಬ್ಯಾಡ' ಎಂದು ಅಕ್ಕ ಮೊದಲೇ ಹೇಳಿದ್ದರು. ಲೊಕೇಶನ್, ಕಾಂಟ್ಯಾಕ್ಟ್ಸ್ ಅನುಮತಿಗಳನ್ನು ಬೇಕಾದಾಗಷ್ಟೇ ಕೊಡುತ್ತೇನೆ. ಪಾಸ್‌ಪೋರ್ಟ್ ಫೋಟೊ ಗ್ಯಾಲರಿಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ಯುಪಿಐನಲ್ಲಿ ಸಾಮಾನ್ಯವಾಗಿ ಪಿನ್ ಒತ್ತಿಯೇ ಹಣ ಕೊಟ್ಟು ರೂಢಿ. ಇಲ್ಲಿ ನಮ್ಮ ಫೋನಿನಲ್ಲಿ ಮೂಡುವ ಕೋಡನ್ನು ಅಂಗಡಿಯವರು ಸ್ಕ್ಯಾನ್ ಮಾಡಿದರೆ ಸಣ್ಣ ಮೊತ್ತ ಪಾಸ್‌ವರ್ಡ್ ಕೇಳದೆಯೇ ಹೋಗಿಬಿಡುತ್ತದೆ. ಆ ಕೋಡ್‌ನ ಸ್ಕ್ರೀನ್‌ಶಾಟ್ ಯಾರಿಗೂ ಕಳಿಸಬಾರದು.

ನಾಲ್ಕನೇ ದಿನ ಶಾವಿಗೆ ಅಂಗಡಿಗೆ ಹೋಗಿ 24 ಯುವಾನ್ ಸ್ಕ್ಯಾನ್ ಮಾಡಿದೆ, ಹಳೆಯದೂ ಸೇರಿಸಿ. ಆಕೆಗೆ ಸಾಲ ಮರೆತೇ ಹೋಗಿತ್ತು. ಕ್ಯಾಲ್ಕುಲೇಟರ್ ತೆಗೆದು 12 ಎಂದು ಮತ್ತೆ ಮತ್ತೆ ತೋರಿಸಿದರು.

ಮುಂದಿನ ತಿಂಗಳು ತುಮಕೂರಿನ ಹುಡುಗಿಯೊಬ್ಬಳು ನಮ್ಮ ಕಾಲೇಜಿಗೆ ಬರುತ್ತಿದ್ದಾಳೆ. 'ಅಕ್ಕಾ, ಕುಕ್ಕರ್ ತರ್ಲಾ?' ಎಂದು ಕೇಳಿದಳು. 'ಮೊದಲು ರೋಮಿಂಗ್ ಹಾಕಿಸು, ಕಾರ್ಡ್ ಆನ್ ಮಾಡಿಸು, ಹತ್ತು ಇಪ್ಪತ್ತರ ಯುವಾನ್ ನೋಟು ಇಟ್ಕೋ. ಇಳಿದ ದಿನ ಹೇಗೆ ಮಾತಾಡೋದು ಅಂತ ಅಮ್ಮನ ಜೊತೆ ಕೂತು ತೀರ್ಮಾನ ಮಾಡು' ಎಂದೆ. ಎಲ್ಲ ಬರೆದುಕೊಂಡಳು. ಕುಕ್ಕರ್ ಕೂಡ ತರುತ್ತಾಳಂತೆ.